ಪಾನಾ ಒತ್ತುವುದು ಕೆಳಕ್ಕೆ, ಟಾರ್ಕ್ ಮಾತ್ರ ನಮ್ಮ ಕಡೆಗೆ ಯಾಕೆ?

ಪ್ರಶ್ನೆ: ಸರ್, ನಾನು ಸಿಂಧನೂರಿನವಳು. ಮೊದಲನೇ ಪಿಯುಸಿ ಸೈನ್ಸ್. ನಮ್ಮಪ್ಪ ಟ್ರ್ಯಾಕ್ಟರ್ ಗಾಲಿ ಬಿಚ್ಚುವಾಗ ಪಾನಾ ಹಾಕಿ ಕೆಳಕ್ಕೆ ಒತ್ತುತ್ತಾರೆ, ನಟ್ಟು ತಿರುಗುತ್ತದೆ. ಪುಸ್ತಕದಲ್ಲಿ ನೋಡಿದರೆ ಟಾರ್ಕ್‌ನ (ತಿರುಗಿಸುವ ಪರಿಣಾಮದ) ದಿಕ್ಕು ಗಾಲಿಯಿಂದ ಹೊರಗೆ, ನಮ್ಮ ಕಡೆಗೆ ಅಂತ ಇದೆ. ಆ ಕಡೆಗೆ ಯಾರೂ ತಳ್ಳಿಲ್ಲವಲ್ಲ? ಆ ಬಾಣ ನಿಜವಾಗಿ ಇದೆಯಾ, ಇಲ್ಲ ಸುಮ್ನೆ ಲೆಕ್ಕಕ್ಕಾ? ಬಲಗೈ ಬದಲು ಎಡಗೈ ಹಿಡಿದರೆ ಏನಾಗುತ್ತದೆ? ಟಾರ್ಕ್ ಸೂತ್ರದಲ್ಲಿ (ಆರ್ × ಎಫ್) ಆರ್, ಅಂದರೆ ಅಚ್ಚಿನಿಂದ ಹೊರಡುವ ದೂರದ ಬಾಣ, ಮೊದಲು ಬರುತ್ತದೆ, ವೇಗದ ಸೂತ್ರದಲ್ಲಿ (ಒಮೆಗಾ × ಆರ್) ಕೊನೆಗೆ. ಇದನ್ನು ಬಾಯಿಪಾಠ ಮಾಡುವುದೊಂದೇ ದಾರಿಯಾ? ಪರೀಕ್ಷೆಯಲ್ಲಿ ಎಡಗೈ ಪ್ರಕಾರ ಬರೆದರೆ ಮಾರ್ಕ್ಸ್ ಕೊಡುತ್ತಾರಾ?

ಉತ್ತರ: ನಿಮಗೆ ಈ ಅನುಮಾನ ಬಂದಿದ್ದು ತುಂಬಾ ಸಂತೋಷ. ಹೆಬ್ಬೆರಳು ಎತ್ತಿ ಉತ್ತರ ಬರೆದು ಮುಂದಿನ ಲೆಕ್ಕಕ್ಕೆ ಹೋಗುವವರೇ ಜಾಸ್ತಿ. "ಆ ಕಡೆಗೆ ಯಾರೂ ತಳ್ಳಿಲ್ಲವಲ್ಲ" ಅನ್ನುವುದು ಸರಿಯಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ತಿರುಗುವಿಕೆಯ ಇಡೀ ಪಾಠ ಮಂತ್ರದ ಹಾಗೆ ಕಾಣುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಆ ಬಾಣದಲ್ಲಿ ಎರಡು ವಿಷಯ ಸೇರಿಕೊಂಡಿವೆ. ಬಾಣ ಯಾವ ಗೆರೆಯ ಮೇಲೆ ಕೂತಿದೆ ಅನ್ನುವುದು ನಿಸರ್ಗದ ಮಾತು. ಆ ಗೆರೆಯ ಎರಡು ತುದಿಗಳಲ್ಲಿ ಬಾಣದ ಮೂತಿ ಯಾವ ತುದಿಗೆ ಅನ್ನುವುದು ನಾವು ಮಾಡಿಕೊಂಡ ಒಪ್ಪಂದ. ಪಾಠದಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಗೊಂದಲ ಆಗುತ್ತದೆ. ಬೇರೆ ಬೇರೆ ಮಾಡಿ ನೋಡೋಣ.

ಗೆರೆಯಿಂದ ಶುರು ಮಾಡೋಣ. ಕೊಪ್ಪಳದ ಕಡೆ ಕುಕನೂರು, ಯಲಬುರ್ಗಾ ದಾರಿಯಲ್ಲಿ ಹೋಗಿದ್ದರೆ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಒಂದು ಯಂತ್ರದ ಮುಂದೆ ನಿಂತು ಅದರ ರೆಕ್ಕೆ ಯಾವ ದಿಕ್ಕಿಗೆ ಹೋಗುತ್ತಿದೆ ಅಂತ ಕೇಳಿಕೊಳ್ಳಿ. ಮೇಲಿರುವ ರೆಕ್ಕೆಯ ತುದಿ ಬಲಕ್ಕೆ ಹೋಗುತ್ತಿರುತ್ತದೆ. ಬಲಬದಿಯಲ್ಲಿರುವುದು ಕೆಳಕ್ಕೆ. ಕೆಳಗಿರುವುದು ಎಡಕ್ಕೆ. ಒಂದೇ ರೆಕ್ಕೆಯಲ್ಲೂ ತುದಿಯ ವೇಗ ಬೇರೆ, ಬುಡದ ವೇಗ ಬೇರೆ. ಅರೆಗಳಿಗೆ ಬಿಟ್ಟು ನೋಡಿದರೆ ಎಲ್ಲವೂ ಬದಲಾಗಿರುತ್ತದೆ. ಹಾಗಾದರೆ "ಯಂತ್ರದ ತಿರುಗುವಿಕೆ" ಅಂತ ಒಂದು ಬಾಣ ಬರೆಯಬೇಕಾದರೆ ಯಾವ ದಿಕ್ಕಿಗೆ ಬರೆಯಬೇಕು? ಮೇಲಿನ ರೆಕ್ಕೆಯ ದಿಕ್ಕಿಗೆ ಬರೆದರೆ ಕೆಳಗಿನದಕ್ಕೆ ಅನ್ಯಾಯ. ತಿರುಗುವ ವೃತ್ತದೊಳಗಿನ ಯಾವ ದಿಕ್ಕನ್ನು ಆರಿಸಿಕೊಂಡರೂ ಅದಕ್ಕೊಂದು ವಿಶೇಷ ಕಾರಣ ಸಿಗುವುದಿಲ್ಲ.

ಆ ಇಡೀ ಯಂತ್ರದಲ್ಲಿ ಬದಲಾಗದೆ ನಿಂತಿರುವ ಗೆರೆ ಒಂದೇ. ಅದು ಅಚ್ಚು. ಎಲ್ಲ ರೆಕ್ಕೆಗಳಿಗೂ ಅದೇ ಅಚ್ಚು, ಎಲ್ಲ ಕ್ಷಣಕ್ಕೂ ಅದೇ ಅಚ್ಚು. ಅದಕ್ಕೇ ಕೋನೀಯ ವೇಗದ, ಅಂದರೆ ತಿರುಗುವ ವೇಗದ (ಒಮೆಗಾ), ಬಾಣವನ್ನು ಅಚ್ಚಿನ ಮೇಲೆ ಇಡುತ್ತೇವೆ. ಎಷ್ಟು ಜೋರಾಗಿ ತಿರುಗುತ್ತಿದೆಯೋ ಅದು ಬಾಣದ ಉದ್ದ. ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಟರ್ಬೈನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್ ಆಗಿರುವುದು ಹಾಗೆ. ಅದರ ಕೋನೀಯ ವೇಗದ ಬಾಣ ಆ ಉದ್ದನೆಯ ಶಾಫ್ಟ್ ಮೇಲೆ ಮಲಗಿರುತ್ತದೆ, ಉದ್ದ ಸೆಕೆಂಡಿಗೆ 314 ರೇಡಿಯನ್. ಇಲ್ಲಿಯವರೆಗೆ ನಮ್ಮ ಇಷ್ಟಕ್ಕೆ ಬಿಟ್ಟದ್ದು ಏನೂ ಇಲ್ಲ.

ಈಗ ಮೂತಿಯ ವಿಷಯ. ಅಚ್ಚಿಗೆ ಎರಡು ತುದಿ. ಗಡಿಯಾರದ ಮುಳ್ಳಿನ ಹಾಗೆ ತಿರುಗಿದರೆ ಒಂದು ತುದಿ, ಉಲ್ಟಾ ತಿರುಗಿದರೆ ಇನ್ನೊಂದು ತುದಿ ಅಂತ ಎಲ್ಲರೂ ಒಂದೇ ರೀತಿ ಹೇಳಿದರೆ ಸಾಕು. ಬಲಗೈಯ ನಾಲ್ಕು ಬೆರಳು ತಿರುಗುವ ಕಡೆಗೆ ಮಡಚಿ, ಹೆಬ್ಬೆರಳು ತೋರಿಸಿದ್ದು ಬಾಣದ ಮೂತಿ. ಗಾಳಿಗೆ ಬೆನ್ನು ಕೊಟ್ಟು ಯಂತ್ರವನ್ನು ಎದುರಿಂದ ನೋಡಿದರೆ ಈಗಿನ ದೊಡ್ಡ ಗಾಳಿಯಂತ್ರಗಳು ಹೆಚ್ಚುಕಡಿಮೆ ಎಲ್ಲವೂ ಗಡಿಯಾರದ ಮುಳ್ಳಿನ ಹಾಗೇ ತಿರುಗುತ್ತವೆ. ಬಲಗೈ ಹಿಡಿದು ನೋಡಿ, ಹೆಬ್ಬೆರಳು ನಿಮ್ಮಿಂದ ಆಚೆಗೆ, ಗಾಳಿ ಬೀಸುವ ಕಡೆಗೇ ತೋರಿಸುತ್ತದೆ. ಹುಲಿಗೆಮ್ಮನ ಗುಡಿ ಸುತ್ತ ಪ್ರದಕ್ಷಿಣೆ ಹಾಕುವ ಭಕ್ತರ ಕೋನೀಯ ವೇಗ ನೆಲದೊಳಕ್ಕೆ. ಮನೆಯ ಫ್ಯಾನ್ ಕೆಳಗಿನಿಂದ ನೋಡಿದಾಗ ಗಡಿಯಾರದ ಉಲ್ಟಾ ತಿರುಗುತ್ತಿದ್ದರೆ ಬಾಣ ನಿಮ್ಮ ಕಡೆಗೆ, ಅಂದರೆ ಕೆಳಕ್ಕೆ.

ಫ್ಯಾನಿನ ಮಾತು ಬಂದಾಗ ಇನ್ನೊಂದು ಹೇಳಬೇಕು. ಕರೆಂಟ್ ಹೋದ ಕೂಡಲೇ ಫ್ಯಾನ್ ನಿಧಾನ ಆಗುತ್ತಾ ಬರುತ್ತದೆ. ಆಗಲೂ ಕೋನೀಯ ವೇಗದ ಬಾಣ ಕೆಳಕ್ಕೇ ಇರುತ್ತದೆ, ಯಾಕಂದರೆ ಅದು ತಿರುಗುತ್ತಿರುವುದು ಅದೇ ಕಡೆಗೆ. ಆದರೆ ಕೋನೀಯ ವೇಗೋತ್ಕರ್ಷದ, ಅಂದರೆ ಆ ವೇಗ ಬದಲಾಗುವ ದರದ, ಬಾಣ ಮೇಲಕ್ಕೆ. ಎರಡನ್ನೂ ಒಂದೇ ಅಂದುಕೊಂಡು ಮಾರ್ಕ್ಸ್ ಕಳೆದುಕೊಳ್ಳುವವರು ಬಹಳ.

ಬಲಗೈಯೇ ಯಾಕೆ ಅನ್ನುವುದಕ್ಕೆ ಒಂದು ಚಿಕ್ಕ ಇತಿಹಾಸ ಇದೆ. 1843ರಲ್ಲಿ ಐರ್ಲೆಂಡಿನ ಹ್ಯಾಮಿಲ್ಟನ್ ಕ್ವಾಟರ್ನಿಯನ್ ಅನ್ನುವ ಹೊಸ ಸಂಖ್ಯೆಗಳನ್ನು ಕಂಡುಹಿಡಿದರು. ಆ ಗುಣಾಕಾರದ ಹೊಟ್ಟೆಯಲ್ಲೇ ಬಾಣಗಳನ್ನು ಗುಣಿಸುವ ಈಗಿನ ಎರಡು ರೀತಿ, ಡಾಟ್ (ಉತ್ತರ ಬರೀ ಸಂಖ್ಯೆ) ಮತ್ತು ಕ್ರಾಸ್ (ಉತ್ತರ ಇನ್ನೊಂದು ಬಾಣ, ಗುರುತು ×), ಎರಡೂ ಇದ್ದವು. ಅವನ್ನು ಬಿಡಿಸಿ ಈಗ ನೀವು ಓದುವ ರೂಪಕ್ಕೆ ತಂದವರು ಅಮೆರಿಕದ ಗಿಬ್ಸ್ ಮತ್ತು ಇಂಗ್ಲೆಂಡಿನ ಹೆವಿಸೈಡ್. ಅದು 1880ರ ದಶಕದಲ್ಲಿ. ಅಷ್ಟರಲ್ಲಿ ಮ್ಯಾಕ್ಸ್‌ವೆಲ್ ಎಡವೋ ಬಲವೋ ಅನ್ನುವ ಪ್ರಶ್ನೆ ಎತ್ತಿ ಬಲಕ್ಕೆ ನಿಂತಿದ್ದರು. ಸ್ಕ್ರೂ ಮಾಡುವವರು ಬಲಸುತ್ತಿನ (ಗಡಿಯಾರದ ಹಾಗೆ ತಿರುಗಿಸಿದರೆ ಒಳಗೆ ಹೋಗುವ) ಸ್ಕ್ರೂವನ್ನೇ ಮಾಡುತ್ತಾರೆ ಅನ್ನುವುದು ಅವರು ಕೊಟ್ಟ ಒಂದು ಕಾರಣ. ದ್ರಾಕ್ಷಿ ಬಳ್ಳಿಯ ಕುಡಿ ಸುತ್ತುವ ರೀತಿಯನ್ನು ಗುರುತಿಗೆ ಇಟ್ಟುಕೊಂಡಿದ್ದರು. ಅಂದರೆ ಇದು ಪ್ರಯೋಗ ಮಾಡಿ ಕಂಡುಹಿಡಿದ ಸತ್ಯ ಅಲ್ಲ, ಕೂತು ಮಾತಾಡಿ ತೀರ್ಮಾನಿಸಿದ್ದು.

ಇನ್ನು ನಿಮ್ಮಪ್ಪನ ಪಾನಾ. ನೀವು ಉತ್ತರಕ್ಕೆ ಮುಖ ಮಾಡಿ ಗಾಲಿಯ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಪಾನಾದ ಹಿಡಿ ನಟ್ಟಿನಿಂದ ಎಡಕ್ಕೆ, ಅಂದರೆ ಪಶ್ಚಿಮಕ್ಕೆ ಚಾಚಿದೆ. ಒತ್ತುವುದು ಕೆಳಕ್ಕೆ. ಪುಸ್ತಕದ ಐ, ಜೆ, ಕೆ ಬದಲು ನಮ್ಮ ದಿಕ್ಕುಗಳನ್ನೇ ಇಟ್ಟುಕೊಳ್ಳೋಣ. ಪೂರ್ವ, ಉತ್ತರ, ಮೇಲೆ. ಈ ಮೂರನ್ನು ಇದೇ ಸಾಲಿನಲ್ಲಿ ಸುತ್ತ ಬರೆದುಕೊಳ್ಳಿ.

ಪೂರ್ವ × ಉತ್ತರ = ಮೇಲೆ
ಉತ್ತರ × ಮೇಲೆ = ಪೂರ್ವ
ಮೇಲೆ × ಪೂರ್ವ = ಉತ್ತರ

ಸಾಲು ತಿರುವುಮುರುವಾದರೆ ಬರುವ ಫಲಕ್ಕೆ ಮೈನಸ್ ಬರುತ್ತದೆ. ಟಾರ್ಕ್ ಅಂದರೆ ಆರ್ × ಎಫ್, ಆರ್ ನಟ್ಟಿನಿಂದ ಹಿಡಿಯ ಕಡೆಗೆ, ಎಫ್ ಒತ್ತುವ ಕಡೆಗೆ. ನಿಮ್ಮ ಲೆಕ್ಕದಲ್ಲಿ ಅದು ಪಶ್ಚಿಮ × ಕೆಳಗೆ. ಎರಡಕ್ಕೂ ಮೈನಸ್ ಇರುವುದರಿಂದ ಅದು ಪೂರ್ವ × ಮೇಲೆ ಅಂದಹಾಗೇ ಆಯಿತು. ಪೂರ್ವ × ಮೇಲೆ ಅಂದರೆ ಮೈನಸ್ ಉತ್ತರ, ಅಂದರೆ ದಕ್ಷಿಣ. ನೀವು ಉತ್ತರಕ್ಕೆ ಮುಖ ಮಾಡಿ ನಿಂತಿದ್ದೀರಿ, ದಕ್ಷಿಣ ಅಂದರೆ ನಿಮ್ಮ ಕಡೆಗೆ. ಪುಸ್ತಕ ಹೇಳಿದ್ದು ಸರಿ ಇದೆ.

ಈಗ ನಟ್ಟನ್ನು ಗಮನಿಸಿ. ಅದು ತಿರುಗುತ್ತಾ ತಿರುಗುತ್ತಾ ಯಾವ ಕಡೆಗೆ ಬರುತ್ತದೆ? ಬೋಲ್ಟ್ ಬಿಟ್ಟು ನಿಮ್ಮ ಕಡೆಗೇ ಬರುತ್ತದೆ. ಟೈಟ್ ಮಾಡುವಾಗ ಟಾರ್ಕ್ ಗಾಲಿಯ ಕಡೆಗೆ, ನಟ್ಟೂ ಗಾಲಿಯ ಕಡೆಗೆ. ಸಾಮಾನ್ಯ ನಟ್ಟು ಬೋಲ್ಟುಗಳ ಥ್ರೆಡ್ ಬಲಸುತ್ತಿನದು. ಹಾಗಾಗಿ ಹೆಬ್ಬೆರಳೂ ನಟ್ಟೂ ಒಂದೇ ಕಡೆ ಹೋಗುತ್ತವೆ. ಇದು ನೆನಪಿಟ್ಟುಕೊಳ್ಳಲು ಒಳ್ಳೆಯದು, ಆದರೆ ಕಾರಣ ಅಂದುಕೊಳ್ಳಬೇಡಿ. ಸೈಕಲ್ಲಿನ ಎಡ ಪೆಡಲ್ ನೋಡಿ. ಅದಕ್ಕೆ ಎಡಸುತ್ತಿನ ಥ್ರೆಡ್ ಹಾಕಿರುತ್ತಾರೆ, ತುಳಿಯುತ್ತಾ ತುಳಿಯುತ್ತಾ ಅದು ಸಡಿಲ ಆಗಬಾರದು ಅಂತ. ಅದನ್ನು ಬಿಚ್ಚುವಾಗ ಪೆಡಲ್ ಹೊರಗೆ ಬರುತ್ತದೆ, ಟಾರ್ಕ್‌ನ ಬಾಣ ಮಾತ್ರ ಒಳಕ್ಕೆ ಇರುತ್ತದೆ. ಥ್ರೆಡ್ ಬದಲಾಯಿತು ಅಂತ ಬಲಗೈ ನಿಯಮ ಬದಲಾಗುವುದಿಲ್ಲ.

ಪಾನಾದ ಉದ್ದ ಅರ್ಧ ಮೀಟರ್ ಇರಲಿ. 30 ಕೆಜಿ ಭಾರ ಹಾಕಿದಷ್ಟು ಒತ್ತಿದರೆ ಬಲ ಸುಮಾರು 300 ನ್ಯೂಟನ್. ಹಿಡಿಗೆ ಲಂಬವಾಗಿ ಒತ್ತಿದರೆ ಟಾರ್ಕ್ 150 ನ್ಯೂಟನ್ ಮೀಟರ್. ಹಿಡಿಗೂ ಬಲಕ್ಕೂ 30 ಡಿಗ್ರಿ ಕೋನ ಇದ್ದರೆ ಅದು ಅರ್ಧಕ್ಕೆ ಇಳಿದು 75 ಆಗುತ್ತದೆ. ಹಿಡಿಯ ಉದ್ದಕ್ಕೇ ಎಳೆದರೆ ಸೊನ್ನೆ. ನಟ್ಟು ಜಗ್ಗದಿದ್ದಾಗ ಗ್ಯಾರೇಜಿನವರು ಹಿಡಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡುತ್ತಾರೆ ಅಲ್ವಾ? ಒಂದು ಮೀಟರ್ ಆದರೆ ಅದೇ ಬಲಕ್ಕೆ 300 ನ್ಯೂಟನ್ ಮೀಟರ್. ಇಷ್ಟೆಲ್ಲ ಆದರೂ ಬಾಣದ ದಿಕ್ಕು ಮಾತ್ರ ದಕ್ಷಿಣವೇ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಆರ್ ಯಾವಾಗಲೂ ಅಚ್ಚಿನಿಂದ ಹೊರಟು ಬಲ ಬೀಳುವ ಜಾಗಕ್ಕೆ ಹೋಗಬೇಕು. ಕೈ ಇರುವ ಕಡೆಯಿಂದ ನಟ್ಟಿಗೆ ಬಾಣ ಬರೆದರೆ ದಿಕ್ಕು ಉಲ್ಟಾ ಆಗುತ್ತದೆ. ಇನ್ನೊಂದು, ಪರೀಕ್ಷೆಯಲ್ಲಿ ಬಲಗೈಯಲ್ಲಿ ಪೆನ್ನು ಇರುತ್ತದೆ. ಅದನ್ನು ಕೆಳಗಿಡದೆ, ಖಾಲಿ ಇರುವ ಎಡಗೈ ಎತ್ತಿ ಬೆರಳು ಮಡಚಿಬಿಡುತ್ತಾರೆ. ಲೆಕ್ಕ ಪೂರ್ತಿ ಸರಿ ಇದ್ದು ದಿಕ್ಕು ಮಾತ್ರ ತಪ್ಪಿದ್ದರೆ ಬಹಳ ಸಲ ಕಾರಣ ಇದೇ. ಪೆನ್ನು ಡೆಸ್ಕ್ ಮೇಲೆ ಇಟ್ಟು ಆಮೇಲೆ ಕೈ ಎತ್ತಿ.

ಈಗ ನಿಮ್ಮ ಪ್ರಶ್ನೆಯ ಗಟ್ಟಿ ಭಾಗಕ್ಕೆ ಬರುತ್ತೇನೆ. ಎಲ್ಲರೂ ಎಡಗೈ ಬಳಸಿದ್ದರೆ ಜಗತ್ತು ಬೇರೆ ಆಗುತ್ತಿತ್ತಾ? ಇದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಸೈಕಲ್ ಗಾಲಿ ತಂದು ನೋಡುವುದು ಒಳ್ಳೆಯದು.

ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿಕೊಳ್ಳಿ. ಅದರ ಅಚ್ಚಿನ ಒಂದು ತುದಿಗೆ ಗಟ್ಟಿ ಹಗ್ಗ ಕಟ್ಟಿ ಮೇಲಿನ ಕೊಂಡಿಗೆ ತೂಗುಹಾಕಿ. ಬಿಟ್ಟರೆ ಗಾಲಿ ಅಡ್ಡ ಬಿದ್ದು ಜೋತಾಡುತ್ತದೆ. ಈಗ ಅಚ್ಚನ್ನು ನೆಲಕ್ಕೆ ಸಮವಾಗಿ ಹಿಡಿದು, ಗಾಲಿಯನ್ನು ಜೋರಾಗಿ ತಿರುಗಿಸಿ, ನಿಧಾನ ಕೈ ಬಿಡಿ. ಗಾಲಿ ಬೀಳುವುದಿಲ್ಲ. ಅಚ್ಚು ಹೆಚ್ಚುಕಡಿಮೆ ನೆಲಕ್ಕೆ ಸಮವಾಗೇ ಇದ್ದು, ಹಗ್ಗದ ಸುತ್ತ ನಿಧಾನವಾಗಿ ಸುತ್ತು ಹಾಕತೊಡಗುತ್ತದೆ. ಮೊದಲ ಸಲ ನೋಡಿದವರು ಬಾಯಿ ಬಿಟ್ಟು ನಿಲ್ಲುತ್ತಾರೆ. ಕೈಬೆರಳು ಅರೆಕಡ್ಡಿಗೆ ಸಿಗದ ಹಾಗೆ ಎಚ್ಚರ ಇರಲಿ. ಒಬ್ಬರೇ ಮಾಡಬೇಡಿ, ಗೆಳತಿಯನ್ನು ಜೊತೆಗೆ ಕರೆದುಕೊಳ್ಳಿ.

ಎಷ್ಟು ನಿಧಾನ ಅಂತ ಲೆಕ್ಕ ಹಾಕಬಹುದು. ಗಾಲಿ 2 ಕೆಜಿ, ಭಾರ ಎಲ್ಲ ರಿಮ್ಮಿನಲ್ಲಿ, ತ್ರಿಜ್ಯ 30 ಸೆಂಟಿಮೀಟರ್ ಅಂದುಕೊಳ್ಳಿ. ಸೆಕೆಂಡಿಗೆ 3 ಸುತ್ತು ತಿರುಗಿಸಿದರೆ ಕೋನೀಯ ಸಂವೇಗ, ಅಂದರೆ ತಿರುಗುವಿಕೆಯ ಒಟ್ಟು ಜೋರು, ಸುಮಾರು 3.4 (ಕೆಜಿ ಮೀಟರ್² ಪ್ರತಿ ಸೆಕೆಂಡಿಗೆ). ಗಾಲಿಯ ನಡು ಹಗ್ಗದಿಂದ 10 ಸೆಂಟಿಮೀಟರ್ ದೂರ ಇದ್ದರೆ ಭೂಮಿ ಎಳೆಯುವುದರಿಂದ ಬರುವ ಟಾರ್ಕ್ ಸುಮಾರು 2 ನ್ಯೂಟನ್ ಮೀಟರ್. ಟಾರ್ಕನ್ನು ಸಂವೇಗದಿಂದ ಭಾಗಿಸಿದರೆ ಸೆಕೆಂಡಿಗೆ 0.58 ರೇಡಿಯನ್. ಹಗ್ಗದ ಸುತ್ತ ಒಂದು ಸುತ್ತಿಗೆ ಸುಮಾರು 11 ಸೆಕೆಂಡ್.

ಯಾವ ಕಡೆಗೆ ಸುತ್ತುತ್ತದೆ? ಗಾಲಿ ಹಗ್ಗದಿಂದ ಪೂರ್ವಕ್ಕೆ ಇರಲಿ. ನೀವು ಅದರಾಚೆ ಪೂರ್ವದಲ್ಲಿ ನಿಂತು, ಪಶ್ಚಿಮಕ್ಕೆ ಮುಖ ಮಾಡಿ ಗಾಲಿಯನ್ನು ನೋಡುತ್ತಿದ್ದೀರಿ. ಅದು ನಿಮಗೆ ಗಡಿಯಾರದ ಉಲ್ಟಾ ತಿರುಗುವ ಹಾಗೆ ಕಾಣುತ್ತಿದೆ.

ಬಲಗೈ ಪ್ರಕಾರ ಕೋನೀಯ ಸಂವೇಗ ನಿಮ್ಮ ಕಡೆಗೆ, ಅಂದರೆ ಪೂರ್ವಕ್ಕೆ. ಟಾರ್ಕ್ ಅಂದರೆ ಪೂರ್ವ × ಕೆಳಗೆ, ಅದು ಉತ್ತರ. ಟಾರ್ಕ್ ಕೆಲಸ ಏನು? ಕೋನೀಯ ಸಂವೇಗವನ್ನು ತನ್ನ ಕಡೆಗೆ ಬದಲಾಯಿಸುವುದು. ಪೂರ್ವಕ್ಕಿದ್ದ ಬಾಣ ಉತ್ತರಕ್ಕೆ ವಾಲುತ್ತದೆ. ಅಚ್ಚೂ ಅದರ ಜೊತೆ ಪೂರ್ವದಿಂದ ಉತ್ತರಕ್ಕೆ, ಅಂದರೆ ನಿಮ್ಮ ಬಲಕ್ಕೆ ತಿರುಗುತ್ತದೆ.

ಈಗ ಎಡಗೈ. ಕೋನೀಯ ಸಂವೇಗ ಪಶ್ಚಿಮಕ್ಕೆ. ಟಾರ್ಕ್ ದಕ್ಷಿಣಕ್ಕೆ. ಪಶ್ಚಿಮಕ್ಕಿದ್ದ ಬಾಣ ದಕ್ಷಿಣಕ್ಕೆ ವಾಲುತ್ತದೆ. ಆದರೆ ಬಾಣ ಕೂತಿರುವುದು ಅಚ್ಚಿನ ಮೇಲೆ. ಅಚ್ಚಿನ ಪಶ್ಚಿಮದ ಕಡೆ ದಕ್ಷಿಣಕ್ಕೆ ಹೋದರೆ ಪೂರ್ವದ ಕಡೆ ಎಲ್ಲಿಗೆ ಹೋಗಬೇಕು? ಉತ್ತರಕ್ಕೆ. ಗಾಲಿ ಮತ್ತೆ ನಿಮ್ಮ ಬಲಕ್ಕೇ ತಿರುಗಿತು!

ಇದೇ ಇಡೀ ವಿಷಯದ ತಿರುಳು. ಎಡಗೈ ಹಿಡಿದಾಗ ಎರಡು ಬಾಣ ಉಲ್ಟಾ ಆದವು, ಎರಡು ಮೈನಸ್ ಸೇರಿ ಪ್ಲಸ್ ಆಯಿತು. ತಿರುಗುವಿಕೆಯ ಲೆಕ್ಕದಲ್ಲಿ ಕಣ್ಣಿಗೆ ಕಾಣುವ ಯಾವುದಕ್ಕೇ ಬರಬೇಕಾದರೂ ಕೈ ನಿಯಮವನ್ನು ಎರಡು ಸಲ ಬಳಸಿರುತ್ತೀರಿ. ರೆಕ್ಕೆಯ ತುದಿಯ ವೇಗ ಬೇಕಾ? ಒಮೆಗಾಗೆ ಒಂದು ಸಲ ಕೈ ಎತ್ತಿದಿರಿ, ಒಮೆಗಾ × ಆರ್ ಮಾಡುವಾಗ ಇನ್ನೊಂದು ಸಲ. ಎಡಗೈಯಲ್ಲಿ ಎರಡೂ ಉಲ್ಟಾ, ವೇಗ ಮಾತ್ರ ಅದೇ. ಮುಂದಿನ ವರ್ಷ ಕಾಂತಕ್ಷೇತ್ರದ ಪಾಠದಲ್ಲೂ ಹೀಗೇ. ತಂತಿಯ ಸುತ್ತಲಿನ ಕ್ಷೇತ್ರಕ್ಕೆ ಒಂದು ಸಲ, ಆ ಕ್ಷೇತ್ರದಿಂದ ಬರುವ ಬಲಕ್ಕೆ ಇನ್ನೊಂದು ಸಲ.

ಕೈಯನ್ನೇ ಎತ್ತದೆ ಅದೇ ಗಾಲಿಯನ್ನು ಇನ್ನೊಮ್ಮೆ ನೋಡಿ, ಇದು ನನಗೆ ತುಂಬಾ ಇಷ್ಟವಾದ ದಾರಿ. ಭೂಮಿ ಗಾಲಿಯನ್ನು ಬೀಳಿಸಲು ನೋಡುತ್ತಿದೆ. ಅಂದರೆ ರಿಮ್ಮಿನ ಮೇಲಿನ ಭಾಗವನ್ನು ನಿಮ್ಮ ಕಡೆಗೆ ತಳ್ಳುತ್ತಿದೆ, ಕೆಳಗಿನ ಭಾಗವನ್ನು ನಿಮ್ಮಿಂದ ಆಚೆಗೆ. ರಿಮ್ಮಿನ ಮೇಲೆ ಒಂದು ಚುಕ್ಕೆ ಇಟ್ಟಿದ್ದೀರಿ ಅನ್ನಿ. ಗಾಲಿ ಗಡಿಯಾರದ ಉಲ್ಟಾ ತಿರುಗುತ್ತಿದೆ, ಹಾಗಾಗಿ ಚುಕ್ಕೆ ಮೇಲಿನಿಂದ ನಿಮ್ಮ ಎಡಕ್ಕೆ ಇಳಿಯುತ್ತದೆ. ಮೇಲಿನ ಅರ್ಧದಲ್ಲಿ ಇರುವಷ್ಟು ಹೊತ್ತೂ ಅದಕ್ಕೆ ನಿಮ್ಮ ಕಡೆಗೆ ತಳ್ಳು ಬೀಳುತ್ತಲೇ ಇರುತ್ತದೆ, ವೇಗ ಕೂಡುತ್ತಲೇ ಇರುತ್ತದೆ. ಎಡಬದಿಗೆ ಬರುವ ಹೊತ್ತಿಗೆ ಆ ವೇಗ ಅತಿ ಹೆಚ್ಚು. ಅಲ್ಲಿಂದ ಕೆಳಗೆ ಹೋದ ಮೇಲೆ ಆಚೆಗೆ ತಳ್ಳು ಶುರು. ಅದು ಕೂಡಿ ಬಲಬದಿಯಲ್ಲಿ ಆಚೆಗಿನ ವೇಗ ಅತಿ ಹೆಚ್ಚು. ಗಾಲಿಯ ಎಡಬದಿ ನಿಮ್ಮ ಹತ್ತಿರ ಬಂತು, ಬಲಬದಿ ದೂರ ಹೋಯಿತು. ಹಾಗಾದರೆ ಗಾಲಿಯ ಮುಖ ನಿಮ್ಮ ಬಲಕ್ಕೆ ತಿರುಗಿತು ಅಲ್ವಾ? ಫಲಿತಾಂಶ ಅದೇ. ಬಲಗೈ ಇಲ್ಲ, ಎಡಗೈ ಇಲ್ಲ, ಕ್ರಾಸ್ ಪ್ರಾಡಕ್ಟ್ ಇಲ್ಲ, ಬರೀ ನ್ಯೂಟನ್ನನ ಎರಡನೇ ನಿಯಮ. ಹೀಗೆ ಪ್ರತಿ ಲೆಕ್ಕದಲ್ಲೂ ಚುಕ್ಕೆ ಚುಕ್ಕೆ ಹಿಂಬಾಲಿಸುತ್ತಾ ಕೂತರೆ ದಿನ ಸಾಲುವುದಿಲ್ಲ. ಆ ಶ್ರಮ ಉಳಿಸುವುದಕ್ಕೇ ಬಾಣ ಇರುವುದು.

ಆರ್ ಯಾಕೆ ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ? ಬಾಯಿಪಾಠ ಬೇಡ. ನೀವು ಹಾಕಿದ ಶ್ರಮದ ಲೆಕ್ಕ ತಾಳೆ ಆಗಬೇಕು, ಅಷ್ಟೇ. ಪಾನಾದ ತುದಿ ಸೆಕೆಂಡಿಗೆ 10 ಸೆಂಟಿಮೀಟರ್ ಕೆಳಗೆ ಹೋಗುತ್ತಿದೆ ಅನ್ನಿ. 300 ನ್ಯೂಟನ್ ಬಲಕ್ಕೆ ಪವರ್ 30 ವ್ಯಾಟ್. ತಿರುಗುವಿಕೆಯ ಲೆಕ್ಕದಲ್ಲೂ ಅಷ್ಟೇ ಬರಬೇಕು. ಒಮೆಗಾ ಸೆಕೆಂಡಿಗೆ 0.2 ರೇಡಿಯನ್, ಟಾರ್ಕ್ 150, ಎರಡನ್ನೂ ಗುಣಿಸಿದರೆ 30. ಸರಿಹೋಯಿತು. ಬಾಣಗಳ ಭಾಷೆಯಲ್ಲಿ ಹೇಳಿದರೆ, ಎಫ್ ಜೊತೆ ಒಮೆಗಾ × ಆರ್ ಅನ್ನು ಡಾಟ್ ಮಾಡಿದ್ದೂ, ಒಮೆಗಾ ಜೊತೆ ಆರ್ × ಎಫ್ ಅನ್ನು ಡಾಟ್ ಮಾಡಿದ್ದೂ ಒಂದೇ ಆಗಬೇಕು. ಒಮೆಗಾ, ಆರ್, ಎಫ್ ಈ ಮೂರನ್ನು ವೃತ್ತದಲ್ಲಿ ಕೂರಿಸಿ ಅದೇ ಸುತ್ತಿನಲ್ಲಿ ಓದಿ. ಒಮೆಗಾ ಆದಮೇಲೆ ಆರ್, ಆರ್ ಆದಮೇಲೆ ಎಫ್. ಒಂದನ್ನು ಮಾತ್ರ ತಿರುವಿ ವೇಗ ಅಂದರೆ ಆರ್ × ಒಮೆಗಾ ಅಂತ ಬರೆದರೆ ಪವರ್ ಮೈನಸ್ 30 ಬರುತ್ತದೆ. ನಿಮ್ಮಪ್ಪ ಬೆವರು ಸುರಿಸಿ ನಟ್ಟು ಬಿಚ್ಚುತ್ತಿದ್ದರೆ, ನಟ್ಟೇ ಅವರಿಗೆ ಶಕ್ತಿ ಕೊಡುತ್ತಿದೆ ಅಂದಹಾಗೆ ಆಗುತ್ತದೆ.

ಇನ್ನೂ ದೊಡ್ಡ ಪರೀಕ್ಷೆ ಬೇಕಿದ್ದರೆ ಭೂಮಿಯನ್ನೇ ತೆಗೆದುಕೊಳ್ಳಿ. ರಾತ್ರಿ ಬಳ್ಳಾರಿಯಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 15 ಡಿಗ್ರಿ ಮೇಲೆ ಇರುತ್ತದೆ. ನಿಮ್ಮ ಸಿಂಧನೂರಿನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಎತ್ತರದಲ್ಲಿ. ಭೂಮಿಯ ಅಚ್ಚು ಚಾಚಿರುವುದು ಅದರ ಕಡೆಗೇ, ಉಳಿದ ನಕ್ಷತ್ರಗಳೆಲ್ಲ ಅದರ ಸುತ್ತ ಸುತ್ತುವುದು ಅದಕ್ಕೇ. ಬಲಗೈ ನಿಯಮದಂತೆ ಭೂಮಿಯ ಒಮೆಗಾ ಕೂಡ ಅದೇ ಕಡೆಗೆ, ಬಹುಪಾಲು ಉತ್ತರ, ಸ್ವಲ್ಪ ಮೇಲೆ. ಭೂಮಿಯ ನಡುವಿನಿಂದ ನಿಮ್ಮವರೆಗಿನ ಆರ್ ಅಂದರೆ ಮೇಲೆ. ಉತ್ತರ × ಮೇಲೆ = ಪೂರ್ವ. ನಾವೆಲ್ಲ ನೆಲದ ಸಮೇತ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಹೋಗುತ್ತಿದ್ದೇವೆ. ಸೂರ್ಯ ಪೂರ್ವದಲ್ಲಿ ಕಾಣಿಸಿಕೊಳ್ಳುವುದು ಅದಕ್ಕೇ. ಆರ್ × ಒಮೆಗಾ ಅಂತ ಬರೆದವರಿಗೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಬೇಕಾಗುತ್ತದೆ. ಸೂತ್ರದ ಸಾಲು ಮರೆತರೆ ಬೆಳಗಿನ ದಿಕ್ಕು ನೆನಪು ಮಾಡಿಕೊಳ್ಳಿ, ಸಾಕು.

ಹಾಗಾದರೆ ಬಲ, ವೇಗ ಇವುಗಳ ಬಾಣಕ್ಕೂ ಟಾರ್ಕ್, ಒಮೆಗಾ ಬಾಣಕ್ಕೂ ವ್ಯತ್ಯಾಸ ಇದೆಯಾ? ಇದೆ. ಕನ್ನಡಿ ಅದನ್ನು ತೋರಿಸಿಕೊಡುತ್ತದೆ. ಫ್ಯಾನಿನ ಕೆಳಗೆ ನೆಲದ ಮೇಲೆ ಕನ್ನಡಿ ಇಡಿ. ಫ್ಯಾನಿನ ಪಕ್ಕ ಮೇಲ್ಮುಖವಾಗಿ ಒಂದು ಕೋಲು ಹಿಡಿದರೆ ಕನ್ನಡಿಯಲ್ಲಿ ಅದು ಕೆಳಮುಖ ಆಗುತ್ತದೆ. ಆದರೆ ರೆಕ್ಕೆಗಳು ಅಡ್ಡಡ್ಡ ಹೋಗುವ ದಿಕ್ಕು ಕನ್ನಡಿಯಲ್ಲಿ ಬದಲಾಗುವುದಿಲ್ಲ. ಹಾಗಾಗಿ ಕನ್ನಡಿಯೊಳಗಿನ ಫ್ಯಾನಿಗೂ ಒಮೆಗಾ ಮೊದಲಿದ್ದ ಕಡೆಗೇ ಇರುತ್ತದೆ. ಕೋಲು ಉಲ್ಟಾ ಆಯಿತು, ಒಮೆಗಾ ಆಗಲಿಲ್ಲ. ಈ ಜಾತಿಯ ಬಾಣಗಳನ್ನು ಆಕ್ಸಿಯಲ್ ವೆಕ್ಟರ್ ಅನ್ನುತ್ತಾರೆ. "ಬಾಣ ನಿಜವಾಗಿ ಇದೆಯಾ" ಅಂತ ನಿಮಗೆ ಅನ್ನಿಸಿದ್ದಕ್ಕೆ ಕಾರಣ ಇಲ್ಲೇ ಇದೆ. ಟಾರ್ಕ್ ನಿಜ, ಅದರ ಅಚ್ಚು ನಿಜ, ಸುತ್ತುವ ಕಡೆ ನಿಜ. ಅದನ್ನು ಕೋಲಿನಂಥ ಬಾಣವಾಗಿ ಬರೆಯುವುದು ನಮ್ಮ ಅನುಕೂಲ.

ಬಹಳ ಕಾಲ ಭೌತಶಾಸ್ತ್ರಜ್ಞರು ನಿಸರ್ಗಕ್ಕೆ ಎಡಬಲದ ಭೇದ ಇಲ್ಲ ಅಂತಲೇ ನಂಬಿದ್ದರು. 1956ರಲ್ಲಿ ಲೀ ಮತ್ತು ಯಾಂಗ್ ಅದನ್ನು ಪರೀಕ್ಷಿಸಿ ನೋಡಬೇಕು ಅಂದರು. ಚಿಯೆನ್ ಶಿಯುಂಗ್ ವು ಅನ್ನುವ ವಿಜ್ಞಾನಿ ಮತ್ತು ಅವರ ತಂಡ ಕೋಬಾಲ್ಟ್ 60ರ ಪರಮಾಣುಗಳನ್ನು ಅತಿ ಶೀತದಲ್ಲಿ ಇಟ್ಟು, ನ್ಯೂಕ್ಲಿಯಸ್‌ಗಳೆಲ್ಲ ಒಂದೇ ಕಡೆಗೆ ಸ್ಪಿನ್ ಆಗುವ ಹಾಗೆ ಮಾಡಿದರು. ಅವುಗಳಿಂದ ಹೊರಬೀಳುವ ಎಲೆಕ್ಟ್ರಾನ್‌ಗಳು ಎರಡೂ ಕಡೆ ಸಮನಾಗಿ ಬರಲಿಲ್ಲ. ಬಲಗೈಯ ಹೆಬ್ಬೆರಳು ತೋರಿಸುವ ಕಡೆಗಿಂತ ಅದಕ್ಕೆ ಎದುರು ಕಡೆ ಜಾಸ್ತಿ ಬಂದವು. 1957ರಲ್ಲಿ ಲೀ ಮತ್ತು ಯಾಂಗ್‌ಗೆ ನೊಬೆಲ್ ಸಿಕ್ಕಿತು. ವು ಅವರಿಗೆ ಸಿಗಲಿಲ್ಲ, ಅದು ನನಗೆ ಇವತ್ತಿಗೂ ನೋವಿನ ವಿಷಯ. ಇಲ್ಲಿ ಕೈ ನಿಯಮ ಒಂದೇ ಸಲ ಬರುತ್ತದೆ ಅನ್ನುವುದನ್ನು ಗಮನಿಸಿ. ಒಂದು ಕಡೆ ತಿರುಗುವಿಕೆ, ಇನ್ನೊಂದು ಕಡೆ ನೇರ ಹೋಗುವ ಎಲೆಕ್ಟ್ರಾನ್. ಎಡಗೈಯವರು "ಹೆಬ್ಬೆರಳಿನ ಕಡೆಗೇ ಜಾಸ್ತಿ ಬಂದವು" ಅನ್ನುತ್ತಾರೆ, ಮಾತು ಬೇರೆಯಾದರೂ ಸಂಗತಿ ಒಂದೇ. ಆದರೆ ಆ ಪ್ರಯೋಗದ ಕನ್ನಡಿ ಬಿಂಬ ಮಾತ್ರ ನಿಸರ್ಗದಲ್ಲಿ ನಡೆಯುವುದಿಲ್ಲ. ಥ್ರೆಡ್ಡಿಗೆ ಎಡಬಲ ಕೊಡುವುದು ನಾವು. ನ್ಯೂಕ್ಲಿಯಸ್ ಹೀಗೆ ಎಲೆಕ್ಟ್ರಾನ್ ಹೊರಹಾಕುವ ಬೀಟಾ ಕ್ಷಯದಲ್ಲಿ ನಿಸರ್ಗ ತಾನೇ ಒಂದು ಥ್ರೆಡ್ ಇಟ್ಟುಕೊಂಡಿದೆ.

ಕೊನೆಗೆ ಮಾರ್ಕ್ಸ್ ವಿಷಯ. ಎಡಗೈ ಪ್ರಕಾರ ಬರೆಯಬೇಡಿ. ಉತ್ತರ ಪತ್ರಿಕೆ ನೋಡುವವರು ಬಲಗೈ ಅಂತಲೇ ಓದುತ್ತಾರೆ, ಪಠ್ಯಪುಸ್ತಕದ ಒಪ್ಪಂದವೂ ಅದೇ. ಟಾರ್ಕ್ ಕೇಳಿದಾಗ "150 ನ್ಯೂಟನ್ ಮೀಟರ್" ಅಂತ ಮಾತ್ರ ಬರೆದು ಬಿಡಬೇಡಿ. "ಅಚ್ಚಿನ ಉದ್ದಕ್ಕೆ, ಕಾಗದದಿಂದ ಹೊರಗೆ" ಅಂತ ದಿಕ್ಕನ್ನೂ ಸೇರಿಸಿ. ಅದರ ಪಕ್ಕದಲ್ಲೇ "ಎದುರಿಂದ ನೋಡಿದಾಗ ಗಡಿಯಾರದ ಉಲ್ಟಾ" ಅಂತ ಇನ್ನೊಂದು ಮಾತು ಬರೆಯಿರಿ. ಈ ಎರಡನೇ ಮಾತಿಗೆ ಯಾವ ಕೈಯೂ ಬೇಕಾಗಿಲ್ಲ. ಹೆಬ್ಬೆರಳು ತಪ್ಪಿ ಬೇರೆ ಕಡೆ ತೋರಿಸಿದ್ದರೆ ಎರಡು ಮಾತಿಗೂ ತಾಳೆ ಆಗುವುದಿಲ್ಲ, ಪೇಪರ್ ಕೊಡುವ ಮೊದಲೇ ನಿಮಗೆ ಗೊತ್ತಾಗುತ್ತದೆ.